ಹನ್ನೊಂದು ಬಾಗಿಲಿನ ಸಿನಿಮಾ

ಮಾರ್ಚ್ ೪

ಅಪ್ಪ,

ಆರು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನು ಮಾಡೋಣವೆಂದರೆ ಮೂವತ್ತು ವರ್ಷ ಪ್ರೊಜೆಕ್ಟರಿನ ಪಕ್ಕ ನಿಂತು ನಿನ್ನ ಕಿವಿ ಹೋಗಿದೆ. ನಾನು ಕೂಗಿ ಹೇಳಿದ್ದು ನಿನ್ನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಈಗ ಹೇಳಬೇಕಾಗಿರುವುದು ಬೀದಿಗೆ ಕೇಳಿಸುವಂಥದ್ದಲ್ಲ.

ಮೊದಲು ಸುಲಭದ ಪ್ರಶ್ನೆ. ಟಾಕೀಸಿನ ಆಪರೇಟರ್ ರೂಮಿನ ಗೋಡೆಯ ಮೇಲೆ ನಾವಿಬ್ಬರೂ ಸೀಮೆಸುಣ್ಣದಲ್ಲಿ ಬರೆದಿದ್ದ ಪಟ್ಟಿ ನೆನಪಿದೆಯೇ? ಒಂದು ಕಡೆ 'ತುಂಬಾ ಇಷ್ಟ', ಇನ್ನೊಂದು ಕಡೆ 'ಚೂರೂ ಇಷ್ಟವಿಲ್ಲ'. ಬರೀ ಕೌಬಾಯ್ ಸಿನಿಮಾಗಳು. ಅವುಗಳ ನಿಜವಾದ ಹೆಸರು ಬಾಯಿ ತಿರುಗದೆ ನಾವೇ ಹೆಸರಿಟ್ಟುಕೊಂಡಿದ್ದೆವು. ನನ್ನ 'ತುಂಬಾ ಇಷ್ಟ'ದಲ್ಲಿ ಕಡೆಯವರೆಗೂ ಒಂದೇ ಮೇಲಿತ್ತು: 'ಹನ್ನೊಂದು ಬಾಗಿಲು'. ಕುದುರೆಗೆ ಲಾಳ ಕಟ್ಟುವ ಕುಂಟ, ದರೋಡೆಕೋರರ ಕುದುರೆಗಳಿಗೆ ಲಾಳ ಕಟ್ಟುವುದಿಲ್ಲ ಎನ್ನುತ್ತಾನೆ. ಅವನನ್ನು ಮುಗಿಸಲು ಅವರು ಬರುತ್ತಾರೆ. ಅವನು ಸುತ್ತಿಗೆ ಹಿಡಿದು ನಡುಬೀದಿಯಲ್ಲಿ ಒಬ್ಬನೇ ನಿಲ್ಲುತ್ತಾನೆ. ಎಲ್ಲ ಮನೆಗಳ ಬಾಗಿಲೂ ಮುಚ್ಚಿವೆ. ಆಮೇಲೆ ಒಂದೊಂದಾಗಿ ತೆರೆಯುತ್ತವೆ. ಜನ ಹೊರಗೆ ಬಂದು ಅವನ ಕಡೆ ನೋಡಿ ಟೋಪಿ ತೆಗೆಯುತ್ತಾರೆ. ಅಲ್ಲಿಗೆ ಮುಗಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅದು ಈಗ ನನಗೆ ದಿನಾ ನೆನಪಾಗುತ್ತಿದೆ. ಯಾಕೆಂದು ಹೇಳುತ್ತೇನೆ.

ನನ್ನ ಕೀಲಿಕೈ ಅಂಗಡಿಗೆ ಡಿಸೆಂಬರಿನಲ್ಲಿ ಒಬ್ಬ ಬಂದ. ನಮ್ಮ ಬೀದಿಯವರೆಲ್ಲ ಅವನನ್ನು ಬೆನ್ನ ಹಿಂದೆ ಕಡಗದವನು ಎನ್ನುತ್ತಾರೆ, ಎದುರಿಗೆ ಸಿಕ್ಕರೆ ಅಣ್ಣ ಎನ್ನುತ್ತಾರೆ. ಸ್ನಾನದ ಸೋಪಿನ ತುಂಡೊಂದನ್ನು ಮುಂದಿಟ್ಟ. ಅದರಲ್ಲಿ ಕೀಲಿಕೈಯ ಅಚ್ಚು. "ಇದಕ್ಕೊಂದು ಕೀ ಮಾಡ್ಕೊಡು" ಎಂದ. ಸೋಪಿಗೆ ಮಾಡುವುದಿಲ್ಲ, ಕೀ ತನ್ನಿ ಎಂದೆ. ನಕ್ಕು ಹೋದ. ಸೋಪು ಅಲ್ಲೇ ಬಿಟ್ಟು ಹೋದ. ಅದು ಯಾರ ಮನೆಯ ಅಚ್ಚೆಂದು ನನಗೆ ಕಂಡ ಕೂಡಲೇ ಗೊತ್ತಾಗಿತ್ತು. ಆ ಬೀಗ ಹಾಕಿದವಳು ನಾನೇ. ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವ ನರ್ಸಮ್ಮನ ಮನೆ.

ಓಡಿಹೋಗಿ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಊರ ಉಸಾಬರಿ ಯಾಕೆಂದು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾಲ್ಕನೆಯ ದಿನ ನರ್ಸಮ್ಮ ತಲೆ ಒಡೆದು ಅಡುಗೆಮನೆಯಲ್ಲಿ ಬಿದ್ದಿದ್ದರು. ಬೀಗ ಒಡೆದಿರಲಿಲ್ಲ. ಇನ್ನೊಂದು ಅಚ್ಚು ಕೊಟ್ಟು ಬೇರೆಲ್ಲೋ ಕೀ ಮಾಡಿಸಿಕೊಂಡು ಬಂದಿದ್ದ. ಅವರು ಬದುಕಿದ್ದಾರೆ, ಆದರೆ ಬಲಗೈ ಏಳುವುದಿಲ್ಲ, ಹೊಡೆದವನ ಮುಖ ನೆನಪಿಲ್ಲ.

ಆಮೇಲೆ ನಾನೇ ಪೊಲೀಸರಿಗೆ ಹೇಳಿದೆ, ಅವರು ಸೋಪಿಗೆ ಮೊಹರು ಹಾಕಿ ತೆಗೆದುಕೊಂಡು ಹೋದರು. ಅದನ್ನು ತಂದವನು ಯಾರೆಂದು ಸೋಪು ಹೇಳುವುದಿಲ್ಲ. ನಾನು ಹೇಳಬೇಕು. ಜೂನ್ ೧೬ಕ್ಕೆ ಕೋರ್ಟಿನಲ್ಲಿ. ಬೀದಿಯಲ್ಲಿ ಅವನನ್ನು ನೋಡಿದವರು ನಾನಲ್ಲದೆ ಇನ್ನೂ ಇದ್ದಾರೆ. ಯಾರೂ ನೋಡಿಲ್ಲವಂತೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ.

ನನಗೆ ತುಂಬಾ ಭಯವಾಗಿದೆ, ಅಪ್ಪ. ಅಷ್ಟೇ ಹೇಳಬೇಕಿತ್ತು.

ಮಗಳು

•

ಮಾರ್ಚ್ ೧೩

ರೀಲಮ್ಮಾ,

ಹೀಗೆ ಕರೆದರೆ ಈಗಲೂ ಸಿಟ್ಟು ಬರುತ್ತದೆಯೋ ಏನೋ. ಆಪರೇಟರ್ ರೂಮಿನಲ್ಲಿ ಗಿರಗಿರ ಸುತ್ತುತ್ತಿದ್ದವಳಿಗೆ ಬೇರೆ ಹೆಸರು ನನಗೆ ಹೊಳೆದಿರಲಿಲ್ಲ.

ನಿನ್ನ ಕಾಗದವನ್ನು ನಿಮ್ಮತ್ತೆಗೆ ಓದಿ ಹೇಳಲಿಲ್ಲ. ಸಿನಿಮಾ ಭಾಗ ಮಾತ್ರ ಓದಿದೆ. "ಅಪ್ಪ ಮಗಳು ಕೂಡಿಕೊಂಡು ಇನ್ನೂ ಕುದುರೆ ಓಡಿಸ್ತಿದ್ದೀರಾ?" ಎಂದು ನಕ್ಕಳು. ನಾನೀಗ ಅವಳ ಮನೆಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತೇನೆ. ಕಣ್ಣು ಚೆನ್ನಾಗಿದೆ.

ಪಟ್ಟಿ ನೆನಪಿದೆ. ಪ್ರತಿ ಪಾತ್ರವೂ ಹಾಡುವ ಆ ದರಿದ್ರ ಸಿನಿಮಾ ನನ್ನ 'ಚೂರೂ ಇಷ್ಟವಿಲ್ಲ'ದ ತಲೆಯಲ್ಲಿತ್ತು. ಹಿಂದಿನಿಂದ ಗುಂಡು ಬರುತ್ತಿದೆ, ಇವನು ಗಿಟಾರು ಹುಡುಕುತ್ತಿದ್ದಾನೆ! 'ಧೂಳಿನ ರೈಲು' ಇತ್ತು. ಅದರಲ್ಲಿ ಆರು ಗುಂಡಿನ ಪಿಸ್ತೂಲಿನಿಂದ ಹದಿನೆಂಟು ಸಲ ಸುಟ್ಟದ್ದನ್ನು ಎಣಿಸಿದವಳು ನೀನು. ಆಮೇಲೆ ನೀನು ಚೂರೂ ಇಷ್ಟಪಡದ 'ಬಾವಿಯೊಳಗಿನವನು'. ಊರಿನಲ್ಲಿ ಗುಂಡಿನ ಕಾಳಗ ಆಗುತ್ತಿದ್ದರೆ ಗುಮಾಸ್ತನೊಬ್ಬ ಹಗ್ಗ ಹಿಡಿದು ಬಾವಿಗೆ ಇಳಿದು ಮುಕ್ಕಾಲು ಸಿನಿಮಾ ಅಲ್ಲೇ ಕೂತಿರುತ್ತಾನಲ್ಲ, ಅದು. "ಥೂ ಹೇಡಿ" ಎಂದು ನೀನು ಪರದೆಗೆ ಕಡಲೆಕಾಯಿ ಎಸೆದಿದ್ದೆ.

ನಿನಗೆ ಯಾವತ್ತೂ ಹೇಳಿರಲಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಿನಿಮಾ ಅದೇ. ಕೊನೆಗೆ ಅವನು ಮೇಲೆ ಹತ್ತಿ ಬರುತ್ತಾನೆ, ಒದ್ದೆ ಬಟ್ಟೆ ಹಿಂಡಿಕೊಳ್ಳುತ್ತಾನೆ, ಮನೆಗೆ ಹೋಗುತ್ತಾನೆ. ಬದುಕುತ್ತಾನೆ ಮಗಳೇ.

ಕೋರ್ಟಿನಲ್ಲಿ ನೆನಪಿಲ್ಲ ಎಂದುಬಿಡು. ದಿನಕ್ಕೆ ಇಪ್ಪತ್ತು ಜನ ಬರುತ್ತಾರೆ, ಯಾರ ಮುಖವನ್ನೆಂದು ನೆನಪಿಟ್ಟುಕೊಳ್ಳಲಿ ಎನ್ನು. ಯಾರೂ ನಿನ್ನ ಮೇಲೆ ತಪ್ಪು ಹೊರಿಸುವುದಿಲ್ಲ.

ಅಪ್ಪ

•

ಏಪ್ರಿಲ್ ೨

ಅಪ್ಪ,

ನೀನು ಹೀಗೇ ಬರೆಯುತ್ತೀಯೆಂದು ಗೊತ್ತಿತ್ತು. ಗೊತ್ತಿದ್ದೂ ಕೇಳಿದೆನಲ್ಲ, ನನಗೆ ಬುದ್ಧಿಯಿಲ್ಲ.

ಸೋಮವಾರ ಮಧ್ಯಾಹ್ನ ನಡೆದದ್ದು ಕೇಳು. ಬಿಸಿಲು ಚೆನ್ನಾಗಿತ್ತು, ಬೀದಿಯಲ್ಲಿ ಜನವಿದ್ದರು. ಶಾಲೆಯ ಮೇಷ್ಟರಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬಾತ ಬಂದು ಒಂದು ಕೀಲಿಕೈ ಇಟ್ಟ. "ಇದರದ್ದೊಂದು ಕಾಪಿ ಬೇಕಿತ್ತಮ್ಮ, ನಿಧಾನಕ್ಕೆ ಮಾಡಿ" ಎಂದ. ಅದನ್ನು ಮೆಷಿನ್ನಿಗೆ ಸಿಕ್ಕಿಸಿದೆ. ಪಕ್ಕದಲ್ಲಿ ಖಾಲಿ ಕೀ ಸಿಕ್ಕಿಸಿದೆ. ಸ್ವಿಚ್ಚು ಒತ್ತಬೇಕು, ಆಗ ಹಲ್ಲುಗಳನ್ನು ನೋಡಿದೆ. ಆಳ, ಮೇಲೆ, ಮೇಲೆ, ಆಳ, ನಡುವೆ ಒಂದು ಚಿಕ್ಕದು. ಅಮ್ಮನ ಮುಖ ಮರೆತರೂ ನಾನು ಅದನ್ನು ಮರೆಯುವುದಿಲ್ಲ. ಅದು ನನ್ನ ಮನೆಯ ಕೀಲಿಕೈ. ಅಂಗಡಿಯ ಹಿಂದಿನ ಕೋಣೆಯಲ್ಲೇ ನಾನಿರುವುದು, ಹಿಂದಿನ ಓಣಿಗೆ ಅದರ ಬಾಗಿಲು.

ನನ್ನ ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.

"ಯಾಕಮ್ಮ, ಆಗಲ್ವಾ?" ಎಂದ. ತುಂಬ ಮರ್ಯಾದೆಯಿಂದ ಕೇಳಿದ. ನಾನು ಏನು ಮಾಡಿದೆ ಗೊತ್ತೇ? ಸ್ವಿಚ್ಚು ಒತ್ತಿದೆ. ಮಾಡಿಕೊಟ್ಟೆ. ಅಂಚು ಉಜ್ಜಿ, ಒರೆಸಿ, ಎರಡನ್ನೂ ಅವನ ಅಂಗೈ ಮೇಲೆ ಇಟ್ಟೆ.

ಅವತ್ತೇ ಬೀಗ ಬದಲಾಯಿಸಿದೆ. ಹೊಸದಕ್ಕೆ ಎರಡು ಕೀಲಿಕೈ. ಒಂದು ನನ್ನದು. ಇನ್ನೊಂದನ್ನು ಪಕ್ಕದ ಲಾಂಡ್ರಿ ಅಕ್ಕನಿಗೆ ಕೊಟ್ಟಿದ್ದೇನೆ, ನನಗೇನಾದರೂ ಆದರೆ ಒಳಗೆ ಬರಲು ಒಬ್ಬರಾದರೂ ಬೇಕಲ್ಲ. ಅವರು ನನಗೆ ಜ್ವರ ಬಂದಾಗ ಗಂಜಿ ಕುಡಿಸಿದವರು.

ನಮ್ಮ ಬೀದಿಯಲ್ಲಿ ನನ್ನದು ಬಿಟ್ಟು ಒಂಬತ್ತು ಅಂಗಡಿ. ಸಿನಿಮಾಕ್ಕಿಂತ ಎರಡು ಬಾಗಿಲು ಕಡಿಮೆ. ಈಗ ಹೆದರಿಕೊಂಡಿದ್ದಾರೆ, ಒಪ್ಪುತ್ತೇನೆ. ಲಾಳದವನ ಊರಿನವರೂ ಮೊದಲು ಹೆದರಿರಲಿಲ್ಲವೇ?

ಮಗಳು

•

ಏಪ್ರಿಲ್ ೧೧

ರೀಲಮ್ಮಾ,

ಅಂಗಡಿ ಮುಚ್ಚಿ ಇಲ್ಲಿಗೆ ಬಂದುಬಿಡು. ನಿಮ್ಮತ್ತೆಗೆ ಈಗ ಎಲ್ಲ ಹೇಳಿದ್ದೇನೆ. ಅವಳು ನೆನ್ನೆಯಿಂದ ಊಟ ಮಾಡಿಲ್ಲ. ಇಲ್ಲಿಯೂ ಬೀಗಗಳಿವೆ, ಜನ ಇಲ್ಲಿಯೂ ಕೀ ಕಳೆದುಕೊಳ್ಳುತ್ತಾರೆ, ನಿನಗೆ ಕೆಲಸಕ್ಕೇನೂ ಕಡಿಮೆಯಿಲ್ಲ.

ಆ ಸಿನಿಮಾ ವಿಷಯ. ನೀನು ಅದನ್ನೇ ಹಿಡಿದುಕೊಂಡಿದ್ದೀಯ. ಅದರಲ್ಲಿ ನಾನು...

ಇರಲಿ. ಅದು ಬರೀ ಸಿನಿಮಾ. ಬಟ್ಟೆಯ ಪರದೆ ಮೇಲೆ ಬಿದ್ದ ಬೆಳಕು. ಅದನ್ನು ನೋಡಿ ಯಾರಾದರೂ ಜೀವ ಪಣಕ್ಕಿಡುತ್ತಾರೆಯೇ? ಬಂದುಬಿಡು.

ಅಪ್ಪ

•

ಮೇ ೨೬

ಅಪ್ಪ,

ಇಷ್ಟು ದಿನ ಬರೆಯದೇ ಇದ್ದದ್ದು ಸಿಟ್ಟಿನಿಂದಲ್ಲ. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು, ಅದನ್ನು ನೀನು ಅಕ್ಷರದಲ್ಲಿ ನೋಡುತ್ತಿದ್ದೆ.

ಅದೇ ಇಸ್ತ್ರಿ ಅಂಗಿಯವನು ಮತ್ತೆ ಬಂದ. ಮತ್ತೆ ಒಂದು ಕೀಲಿಕೈ ಇಟ್ಟ. ಹೊಸ ಬೀಗದ್ದು. "ಹಳೇದು ಸರಿಹೋಗ್ಲಿಲ್ಲಮ್ಮ" ಎಂದ.

ಅವನು ಹೋದ ಮೇಲೆ ಲಾಂಡ್ರಿಯ ಕಡೆ ತಿರುಗಿ ನೋಡಿದೆ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದಿದ್ದರು. ಬಟ್ಟೆ ಸುಟ್ಟು ಹೊಗೆ ಬರುತ್ತಿತ್ತು. ಅವರು ತಲೆ ಎತ್ತಲಿಲ್ಲ. ಅವರಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಈಗ ಮೂರನೆಯ ಬೀಗ ಹಾಕಿದ್ದೇನೆ. ಇದಕ್ಕೆ ಒಂದೇ ಕೀಲಿಕೈ, ಅದು ನನ್ನ ಕುತ್ತಿಗೆಯಲ್ಲಿದೆ.

ಆದರೂ ಕೇಳು. ಕಳೆದ ವಾರ ಒಂಬತ್ತು ಅಂಗಡಿಗೂ ಹೋದೆ. ಒಬ್ಬೊಬ್ಬರ ಎದುರಿಗೂ ನಿಂತು ಹೇಳಿದೆ: ನೀವು ಸಾಕ್ಷಿ ಹೇಳಬೇಡಿ, ಬಾಯೇ ಬಿಡಬೇಡಿ. ಹದಿನಾರನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಅಂಗಡಿ ಮುಂದೆ ನಿಂತಿರುತ್ತೇನೆ, ಕೋರ್ಟಿನವರೆಗೆ ನನ್ನ ಜೊತೆ ನಡೆದು ಬನ್ನಿ, ಅಷ್ಟು ಸಾಕು. ಝೆರಾಕ್ಸಿನವರು ಟೋಪಿ ಸರಿಮಾಡಿಕೊಂಡು "ನೋಡೋಣಮ್ಮ" ಎಂದರು. ಕನ್ನಡಕದ ಅಂಗಡಿಯವರು ನನ್ನ ಕೈ ಹಿಡಿದುಕೊಂಡರು. ಲಾಂಡ್ರಿ ಅಕ್ಕ ಅತ್ತರು. ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ.

ನಾನು ಕಾಯುತ್ತೇನೆ. ಬಾಗಿಲು ತೆರೆಯುವವರೆಗೂ ಅಲ್ಲೇ ನಿಂತಿರುತ್ತೇನೆ. ಒಬ್ಬರು ಹೊರಗೆ ಬಂದರೆ ಉಳಿದವರು ಬರುತ್ತಾರೆ. ಸಿನಿಮಾದಲ್ಲೂ ಮೊದಲು ತೆರೆದದ್ದು ಒಂದೇ ಬಾಗಿಲು.

ಇನ್ನೊಂದು ವಿಷಯ, ಕೇಳದೆ ಇರಲಾರೆ. ಟಾಕೀಸಿನ ಆಫೀಸು ಒಡೆದ ಕಳ್ಳತನದ ಕೇಸಿನಲ್ಲಿ, ಅಲ್ಲಿ ಗೇಟು ಕಾಯುತ್ತಿದ್ದ ನಮ್ಮ ಗೇಟಿನ ಮಾಮನನ್ನು ಹಿಡಿದುಕೊಂಡು ಹೋದ ದಿನ ನಿನ್ನನ್ನು ಕೇಳಿದ್ದೆ, ನೀನು ಏನಾದರೂ ನೋಡಿದೆಯಾ ಎಂದು. "ನಾನು ಸಿನಿಮಾ ನೋಡ್ತಿದ್ದೆ" ಎಂದಿದ್ದೆ ನೀನು. ನನಗೆ ಬೀಗ ಬಿಚ್ಚುವುದನ್ನು ಕಲಿಸಿದವರು ಅವರು. ಅವರು ತೀರಿಕೊಂಡಾಗ ಮಣ್ಣಿಗೆ ನಾನು ಹೋದೆ, ನೀನು ಬರಲಿಲ್ಲ. ಆರು ವರ್ಷದ ಮೌನ ಅಲ್ಲಿಂದ ಶುರುವಾದದ್ದೆಂದು ನಿನಗೂ ಗೊತ್ತು.

ಮಗಳು

•

ಜೂನ್ ೬

ಮಗಳೇ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಬರೆದ ಕೂಡಲೇ ಹೋಗಿ ಅಂಚೆಗೆ ಹಾಕುತ್ತೇನೆ, ಮತ್ತೆ ಓದಿ ನೋಡುವುದಿಲ್ಲ.

ಬೀದಿಯಲ್ಲಿ ನಿಲ್ಲಬೇಡ. ಬಾಗಿಲು ತೆರೆಯುವುದಿಲ್ಲ.

ನಿಮ್ಮಮ್ಮ ಹೋಗಿ ಹನ್ನೆರಡು ದಿನವಾಗಿತ್ತು. ನಿನಗೆ ಒಂಬತ್ತು ವರ್ಷ. ಮನೆಯಲ್ಲಿ ಬಿಡಲು ಯಾರೂ ಇಲ್ಲದೆ ನಿನ್ನನ್ನು ಆಪರೇಟರ್ ರೂಮಿಗೆ ಕರೆದುಕೊಂಡು ಬಂದಿದ್ದೆ. ಆ ವಾರ ಬಂದ ಪೆಟ್ಟಿಗೆಯಲ್ಲಿ 'ಹನ್ನೊಂದು ಬಾಗಿಲು' ಇತ್ತು. ಬೆಳಿಗ್ಗೆ ನಾನೊಬ್ಬನೇ ಓಡಿಸಿ ನೋಡಿದೆ. ಕೊನೆಯ ರೀಲಿನಲ್ಲಿ ಲಾಳದವನು ಬೀದಿಯಲ್ಲಿ ನಿಂತಿರುತ್ತಾನೆ. ಒಂದು ಬಾಗಿಲೂ ತೆರೆಯುವುದಿಲ್ಲ. ಅವರು ಬರುತ್ತಾರೆ, ಅವನಿಗೆ ಗುಂಡು ಹೊಡೆಯುತ್ತಾರೆ. ಅವನು ಬೇಗ ಸಾಯುವುದಿಲ್ಲ, ತೆವಳಿಕೊಂಡು ಹೋಗಿ ಒಂದು ಬಾಗಿಲು ಬಡಿಯುತ್ತಾನೆ, ಇನ್ನೊಂದು ಬಡಿಯುತ್ತಾನೆ. ಅವರು ಹೊರಟುಹೋದ ಮೇಲೆ, ಎಲ್ಲ ಮುಗಿದ ಮೇಲೆ, ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಜನ ಹೊರಗೆ ಬಂದು ಟೋಪಿ ತೆಗೆಯುತ್ತಾರೆ.

ಅವರು ಟೋಪಿ ತೆಗೆಯುವುದು ಹೆಣಕ್ಕೆ, ಮಗಳೇ.

ತಾಯಿಯನ್ನು ಕಳೆದುಕೊಂಡು ಹನ್ನೆರಡು ದಿನವಾದ ಮಗುವಿಗೆ ಅದನ್ನು ಹೇಗೆ ತೋರಿಸಲಿ? ಬ್ಲೇಡು ತೆಗೆದುಕೊಂಡು ನಾಲ್ಕು ನಿಮಿಷ ಕತ್ತರಿಸಿದೆ. ನಿಂತಿರುವವನಿಗೆ ನೇರವಾಗಿ ತೆರೆಯುವ ಬಾಗಿಲು ಅಂಟಿಸಿದೆ. ಕೊನೆಯಲ್ಲಿ ಹೆಣ ಕಾಣುವ ಜಾಗಕ್ಕೆ ಮುಂಚೆಯೇ ಪರದೆ ಎಳೆದೆ. ಅವತ್ತು ಸಾಯಂಕಾಲ ನೀನು ಹನ್ನೆರಡು ದಿನದಲ್ಲಿ ಮೊದಲ ಸಲ ನಕ್ಕೆ. ಆ ಪ್ರಿಂಟನ್ನು ನಮ್ಮ ಮಾಲೀಕರು ಕೊಂಡೇಬಿಟ್ಟರು, ಎಷ್ಟೋ ವರ್ಷ ಓಡಿಸಿದೆವು. ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಖುಷಿಯಾಗಿ ಮನೆಗೆ ಹೋದರು. ನೀನೊಬ್ಬಳು ಮನೆಗೆ ಹೋಗಲೇ ಇಲ್ಲ, ಇವತ್ತಿಗೂ ಆ ಬೀದಿಯಲ್ಲೇ ಇದ್ದೀಯೆಂದು ನಿನ್ನ ಕಾಗದ ನೋಡುವವರೆಗೂ ನನಗೆ ತಿಳಿದಿರಲಿಲ್ಲ.

ಇನ್ನು ನೀನು ಕೇಳಿದ್ದು. ನಾನು ನೋಡಿದ್ದೆ. ರೂಮಿನ ಪಕ್ಕಕ್ಕೆ, ಮೆಟ್ಟಿಲ ಕಡೆಗೆ, ಕಬ್ಬಿಣದ ಮುಚ್ಚಳವಿದ್ದ ಚಿಕ್ಕ ಕಿಟಕಿಯಿತ್ತಲ್ಲ, ಅಲ್ಲಿಂದ. ಆಫೀಸು ಒಡೆದವನು ಮ್ಯಾನೇಜರನ ಭಾವಮೈದ. ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಮುಚ್ಚಳ ಕೆಳಗೆ ಬಿಟ್ಟೆ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮಿಕ್ಕದ್ದೇನೂ ಕೇಳಿಸದಿದ್ದರೂ ಅದೊಂದು ಕೇಳಿಸುತ್ತದೆ. ಮಣ್ಣಿಗೆ ಯಾವ ಮುಖ ಹೊತ್ತುಕೊಂಡು ಬರಲಿ?

ಮುಚ್ಚಳ ಹಾಕಿಕೊಂಡವರ ಮನಸ್ಸು ನನಗೆ ಚೆನ್ನಾಗಿ ಗೊತ್ತು. ಅವರು ಕೆಟ್ಟವರಲ್ಲ. ಬರುವುದಿಲ್ಲ, ಅಷ್ಟೇ. ಒಂಬತ್ತು ಜನಕ್ಕೂ ನೀನು ಹೊತ್ತು ಹೇಳಿದ್ದೀಯ, ಜಾಗ ಹೇಳಿದ್ದೀಯ. ಲಾಂಡ್ರಿಯಿಂದ ಕೀಲಿಕೈ ಹೋದ ದಾರಿಯಲ್ಲಿ ಆ ಸುದ್ದಿಯೂ ಅವನಿಗೆ ಹೋಗುವುದಿಲ್ಲವೇ?

ಸಾಕ್ಷಿ ಹೇಳಬೇಡ ಎಂದು ಇನ್ನು ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಲ್ಲಿ ನಿಂತು ಕಾಯಬೇಡ.

ಅಪ್ಪ

•

ಜೂನ್ ೧೪

ಅಪ್ಪ,

ನಿನ್ನ ಕಾಗದ ಇವತ್ತು ಸಿಕ್ಕಿತು. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಭಯವೇ ಒಂದು ಘಳಿಗೆ ಹಿಂದೆ ಸರಿದಿದೆ. ಆ ಸಿಟ್ಟು ಯಾವುದಕ್ಕೆ ಎಂದು ಮಾತ್ರ ತಿಳಿಯುತ್ತಿಲ್ಲ.

ಎದುರಿನ ಕಟ್ಟೆಯ ಮೇಲೆ ಕಡಗದವನ ಕಡೆಯ ಇಬ್ಬರು ಬೆಳಿಗ್ಗೆಯಿಂದ ಕೂತಿದ್ದಾರೆ. ಇನ್ನು ಬರೆಯುವುದಿಲ್ಲ.

ಮಗಳು

•

ಜೂನ್ ೨೩

ರೀಲಮ್ಮಾ,

ಇದನ್ನು ನರ್ಸಮ್ಮನವರ ಹೆಸರಿಗೆ ಕಳಿಸುತ್ತಿದ್ದೇನೆ. ನಿನ್ನ ಅಂಗಡಿಯ ವಿಳಾಸಕ್ಕೆ ಕಳಿಸಲು ಧೈರ್ಯ ಬರುತ್ತಿಲ್ಲ. ಪೇಪರಿನಲ್ಲಿ ಮೂರು ಸಾಲು ಬಂದಿತ್ತು: ಬ್ರೇಕು ತಪ್ಪಿದ ಲಾರಿ ನುಗ್ಗಿ ಕೀಲಿಕೈ ಅಂಗಡಿ ಜಖಂ. ಒಳಗೆ ಯಾರಿದ್ದರು ಎಂದು ಬರೆದಿಲ್ಲ. ಬೇರೆ ಪೇಪರು ತರಿಸಿ ನೋಡಿದೆ, ಅದರಲ್ಲಿ ಆ ಮೂರು ಸಾಲೂ ಇಲ್ಲ. ನಿನ್ನ ಫೋನು ಸತ್ತುಹೋಗಿದೆ ಎಂದು ನಿಮ್ಮತ್ತೆ ಹೇಳುತ್ತಾಳೆ. ಫೋನಿಗೆ ಆ ಪದ ಬಳಸಬೇಡ ಎಂದು ಅವಳ ಮೇಲೆ ರೇಗಿದೆ.

ನೆನ್ನೆ ಗೇಟಿನವನ ಹೆಂಡತಿಯ ಮನೆ ಹುಡುಕಿಕೊಂಡು ಹೋದೆ. ನಾನು ನೋಡಿದ್ದನ್ನು ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. "ಈಗ ಬಂದ್ಯಾ?" ಎಂದಳು, ತುಟಿ ನೋಡಿ ತಿಳಿಯಿತು. ಬಾಗಿಲು ಹಾಕಿಕೊಂಡಳು. ಸರಿಯಾಗಿಯೇ ಮಾಡಿದಳು.

ಒಂದು ಸಾಲು ಬರಿ. ಬೈದು ಬರಿ. ಜುಲೈ ಮೊದಲ ವಾರದವರೆಗೆ ನೋಡುತ್ತೇನೆ, ಆಮೇಲೆ ಕಿವಿ ಕೇಳಲಿ ಬಿಡಲಿ, ನಾನೇ ಬಸ್ಸು ಹತ್ತುತ್ತೇನೆ.

ಅಪ್ಪ

•

ಜುಲೈ ೨

ಅಪ್ಪ,

ಬದುಕಿದ್ದೇನೆ. ಮೊದಲು ಇದನ್ನು ಅತ್ತೆಗೆ ಓದಿ ಹೇಳು.

ಹದಿನೈದನೇ ತಾರೀಕು ಮಧ್ಯಾಹ್ನ, ಯಾರದೋ ಬೀಗ ಕೆಟ್ಟಿದೆ ಎನ್ನುವ ಹಾಗೆ ಚೀಲ ಹಿಡಿದು ಓಣಿಯ ಬಾಗಿಲಿನಿಂದ ಹೊರಬಿದ್ದೆ. ಮುಂದಿನ ಶಟರಿಗೆ ಒಳಗಿನಿಂದ ಬೀಗ ಹಾಕಿದ್ದೆ. ಎದುರು ಕೂತವರು ನಾನು ಒಳಗಿದ್ದೇನೆ ಎಂದುಕೊಳ್ಳಲಿ ಎಂದು ದೀಪ ಉರಿಯಲು ಬಿಟ್ಟೆ, ರೇಡಿಯೋ ಹಾಕಿಟ್ಟೆ. ಸರ್ಕಾರಿ ವಕೀಲರು ಕೋರ್ಟಿನ ಹಿಂದಿನ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಕೊಡಿಸಿದರು. ಮಾರನೆಯ ದಿನ ಎಂಟು ಗಂಟೆಗೇ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೆ.

ಕಡಗದವನು ನನ್ನನ್ನು ಅಲ್ಲಿ ನೋಡಿದ. ಅವನ ಮುಖ ಹೇಗಾಯಿತೆಂದರೆ, ಸತ್ತವಳನ್ನು ಕಂಡವನ ಹಾಗೆ. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಸೋಪು ತೋರಿಸಿ ಇದನ್ನು ತಂದವರು ಯಾರು ಎಂದು ಕೇಳಿದರು. ಬೆರಳು ಮಾಡಿ ತೋರಿಸಿದೆ. ಮೂರು ದಿನ ಸುಮ್ಮನಿದ್ದದ್ದನ್ನೂ ಹೇಳಿದೆ. ನರ್ಸಮ್ಮ ಅಲ್ಲೇ ಕೂತಿದ್ದರು. ನನ್ನನ್ನು ನೋಡಿದರು, ತಲೆ ಆಡಿಸಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಮೊನ್ನೆ ನಿನ್ನ ಕಾಗದವನ್ನು ಮಾತ್ರ ತಾವೇ ತಂದುಕೊಟ್ಟರು.

ಉಳಿದದ್ದನ್ನು ಕನ್ನಡಕದ ಅಂಗಡಿಯವರು ಆಮೇಲೆ ಹೇಳಿದರು. ಅವತ್ತು ಒಂಬತ್ತೂವರೆಗೆ ಬೀದಿಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲವಂತೆ. ನಂಬರಿಲ್ಲದ ಲಾರಿಯೊಂದು ಹಿಮ್ಮುಖವಾಗಿ ಬಂದು ನನ್ನ ಶಟರಿಗೆ ಗುದ್ದಿತಂತೆ. ಒಂದು ಸಲವಲ್ಲ. ಮೂರು ಸಲ. ಎಲ್ಲಿಯ ಬ್ರೇಕು ತಪ್ಪುವುದು! ಮೂರನೆಯ ಗುದ್ದಿಗೆ ರೇಡಿಯೋ ನಿಂತಿತಂತೆ. ಲಾರಿ ಹೋಯಿತು. ಅದಾದ ಮೇಲೆ ಝೆರಾಕ್ಸಿನ ಬಾಗಿಲು ತೆರೆಯಿತು. ಆಮೇಲೆ ಲಾಂಡ್ರಿಯದು. ಆಮೇಲೆ ಒಂದೊಂದಾಗಿ ಒಂಬತ್ತೂ. ಎಲ್ಲರೂ ಬಂದು ಇಟ್ಟಿಗೆ ರಾಶಿಯ ಮುಂದೆ ನಿಂತರಂತೆ. ಲಾಂಡ್ರಿ ಅಕ್ಕ ನೆಲಕ್ಕೆ ಕುಸಿದು ನನ್ನ ಹೆಸರು ಹಿಡಿದು ಅತ್ತರಂತೆ.

ಝೆರಾಕ್ಸಿನವರು ಟೋಪಿ ತೆಗೆದರಂತೆ ಅಪ್ಪ.

ನೀನು ಆ ನಾಲ್ಕು ನಿಮಿಷ ಹಿಂದಕ್ಕೆ ಕೊಡದೆ ಇದ್ದಿದ್ದರೆ ನಾನು ಅಲ್ಲೇ, ಆ ಶಟರಿಗೆ ಬೆನ್ನು ಕೊಟ್ಟು, ಬಾಗಿಲುಗಳ ಕಡೆ ನೋಡುತ್ತಾ ನಿಂತಿರುತ್ತಿದ್ದೆ. ಅಲ್ಲಿ ನಿಲ್ಲಿಸಿದವನೂ ನೀನೇ, ಅಲ್ಲಿಂದ ಎಳೆದವನೂ ನೀನೇ. ಇದನ್ನು ಯಾವ ಪಟ್ಟಿಗೆ ಬರೆಯಲಿ?

ಕಡಗದವನ ಜಾಮೀನು ರದ್ದಾಗಿದೆ, ಒಳಗಿದ್ದಾನೆ. ತೀರ್ಪು ಇನ್ನೂ ಬಂದಿಲ್ಲ. ಇಸ್ತ್ರಿ ಅಂಗಿಯವನು ಹೊರಗಿದ್ದಾನೆ. ಬೀದಿಯಲ್ಲಿ ಯಾರಾದರೂ ಮರ್ಯಾದೆಯಿಂದ 'ಅಮ್ಮ' ಎಂದರೆ ಮೊದಲು ಅವರ ಅಂಗಿ ನೋಡುತ್ತೇನೆ. ಈಗ ಬೇರೆ ಕಡೆ ಕೋಣೆ ಹಿಡಿದಿದ್ದೇನೆ, ವಿಳಾಸ ಒಳಗಿನ ಚೀಟಿಯಲ್ಲಿದೆ. ಓದಿ ಹರಿದುಹಾಕು.

ಆ ಕತ್ತರಿಸಿದ ತುಂಡನ್ನು ನೀನು ಎಸೆದಿರುವುದಿಲ್ಲ, ನನಗೆ ಗೊತ್ತು. ಸ್ಕ್ರೂ ಮೊಳೆಯನ್ನೂ ಎಸೆಯದವನು ನೀನು. ಅದನ್ನು ತೆಗೆದುಕೊಂಡು ಬಾ. ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡೋಣ.

ಹಗಲು ಹೊತ್ತಿನಲ್ಲಿ ಬಾ. ಬಾಗಿಲು ತಟ್ಟಿ, ನನ್ನನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಜೋರಾಗಿ ಕೂಗು. ನಾನು ಒಳಗಿನಿಂದ ಓಗೊಟ್ಟರೆ ನಿನಗೆ ಕೇಳಿಸುವುದಿಲ್ಲ. ಎಲ್ಲವೂ ನಿಶ್ಶಬ್ದವಾಗಿದೆ, ಯಾರೂ ಇಲ್ಲ ಎನ್ನಿಸುತ್ತದೆ. ಮೂರು ಬೀಗ, ಎರಡು ಚಿಲಕ ಹಾಕಿಕೊಂಡಿದ್ದೇನೆ, ತೆಗೆಯಲು ಹೊತ್ತು ಹಿಡಿಯುತ್ತದೆ. ತೆರೆಯುತ್ತೇನೆ. ಅಲ್ಲಿಯವರೆಗೆ ಹೋಗಿಬಿಡಬೇಡ.

ನಿನ್ನ ರೀಲಮ್ಮ